ಹಿಂದೆ ತೆಗೆದ ಹೆಜ್ಜೆಗೊಂದು ಹರಳು

ಇದನ್ನು ಬರೆಯಬೇಕೆಂದು ನಿವೃತ್ತಿಯಾದ ತಿಂಗಳೇ ಗೋಕಾಕದ ಪೇಟೆಯಲ್ಲಿ ಒಂದು ಉದ್ದನೆಯ ನೋಟುಪುಸ್ತಕ ಕೊಂಡಿದ್ದೆ. ಮೊದಲ ಪುಟದಲ್ಲಿ ನನ್ನ ಹೆಸರು ಬರೆದೆ. ಎರಡನೆಯ ಪುಟದಲ್ಲಿ ಕೆಲಸಕ್ಕೆ ಸೇರಿದ ಇಸವಿ ಬರೆದೆ. ಅಲ್ಲಿಗೇ ಪೆನ್ನು ಮುಚ್ಚಿಟ್ಟೆ. ಈಗ ಆ ಪುಸ್ತಕದಲ್ಲಿ ನನ್ನ ಹೆಂಡತಿ ತಾನು ಬಿ.ಪಿ. ಮಾತ್ರೆ ನುಂಗಿದ ದಿನಗಳಿಗೆ ಗುರುತು ಹಾಕುತ್ತಾಳೆ. ಮಳೆಗಾಲ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ, ಕಣ್ಣಿನ ಆಪರೇಶನ್ ಆಗಲಿ ಎಂದು ಮುಂದೆ ಹಾಕುತ್ತ ಬಂದೆ. ಆಪರೇಶನ್ ಆಗಿ ಕಣ್ಣು ಚೆನ್ನಾಗಿ ಕಾಣತೊಡಗಿದ ಮೇಲೆ ಬೇರೆ ನೆಪ ಉಳಿಯಲಿಲ್ಲ.

ನಾನು ರಸ್ತೆ ಕೆಲಸದವನು. ಎಸ್ಸೆಸ್ಸೆಲ್ಸಿ ಪಾಸಾದವನೆಂದು ಮೊದಲು ಗ್ಯಾಂಗಿನ ಹಾಜರಿ ಬರೆಯಲು ಹಚ್ಚಿದರು. ಆಮೇಲೆ ವರ್ಕ್ ಇನ್‌ಸ್ಪೆಕ್ಟರ್ ಎಂದು ಕರೆದರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರಸ್ತೆಗಳ ಮೇಲೆ ನನ್ನ ಪ್ರಾಯವೆಲ್ಲ ಕಳೆಯಿತು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನಿಂದ ಕಲಿಯಬೇಕಾದದ್ದು ಬಹಳವೇನಿಲ್ಲ. ಡಾಂಬರು ಹೇಗೆ ಹಾಕಬೇಕೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ರಿಜಿಸ್ಟರಿನಲ್ಲಿ ಒಂದು ಪದ ಹೇಗೆ ಬರೆಯಬಾರದು ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಆ ಪದ 'ಇಲ್ಲ'.

ಎರಡು ತಿಂಗಳ ಹಿಂದೆ ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೊಸ ಜೂನಿಯರ್ ಇಂಜಿನಿಯರ್. ಗೋಕಾಕದಿಂದ ಮೂಡಲಗಿ ಕಡೆಗೆ ಹೋಗುವ ರಸ್ತೆ ಈಗ ನಾಲ್ಕು ಸಾಲಿನದಾಗಿದೆ. ಅದರ ಮೇಲಿನ ವೇಗದ ಮಿತಿಯನ್ನು ಎಂಬತ್ತರಿಂದ ನೂರಕ್ಕೆ ಏರಿಸಬೇಕೆಂದು ಒಂದು ಪ್ರಸ್ತಾಪ ಇದೆ. ಏರಿಸಿದರೆ, ಹುಣಸಿಗಿಡದ ಕ್ರಾಸಿನಲ್ಲಿ ರಸ್ತೆಯ ನಡುವಿನ ಕಟ್ಟೆಯಲ್ಲಿ ದಾಟಲು ಬಿಟ್ಟಿರುವ ಸಂದನ್ನು ಮುಚ್ಚುತ್ತಾರೆ. ಆಮೇಲೆ ಅಲ್ಲಿ ಯಾರೂ ದಾಟುವಂತಿಲ್ಲ. ಅದಕ್ಕೆ ಹಳೆಯ ದಾಖಲೆ ಬೇಕಾಗಿ ಆಕೆ ಗೆದ್ದಲು ತಿಂದ ಒಂದು ರಿಜಿಸ್ಟರು ಹಿಡಿದು ಬಂದಿದ್ದಳು. ನಮ್ಮ ಪಡಸಾಲೆಯಲ್ಲಿ ಕೂತು ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿದಳು: 'ದಾಟುವವರಿಗೆ ತೊಂದರೆ: ಇಲ್ಲ. ಎಣಿಸಿದವರು:' ಮುಂದೆ ನನ್ನ ಸಹಿ.

"ಖರೇನಾ ಅಜ್ಜಾರ, ಯಾರಿಗೂ ತೊಂದ್ರಿ ಇರಲಿಲ್ಲೇನ್ರಿ?" ಎಂದು ಕೇಳಿದಳು.

"ಬರದದ್ದು ನಾನ ಅವ್ವಾ," ಎಂದೆ.

ಆಕೆ ಅದನ್ನು 'ಹೌದು' ಎಂದು ತಿಳಿದುಕೊಂಡಳು. ಹಾಗೆ ತಿಳಿಯಲಿ ಎಂದೇ ನಾನು ಹಾಗೆ ಹೇಳಿದ್ದೆ. ಚಹಾ ಕುಡಿದು, ನಮಸ್ಕಾರ ಮಾಡಿ ಹೋದಳು. ನಾನು ಬರೆದ ಆ ಸಾಲು ಈಗ ಹೊಸ ಪ್ರಸ್ತಾಪದೊಳಗೆ ಹೋಗಿ ಕೂತಿದೆ. ತಕರಾರು ಇದ್ದವರು ಈ ತಿಂಗಳ ಕೊನೆಯೊಳಗೆ ಬರೆದು ಕೊಡಬೇಕಂತೆ.

ಆ ಸಾಲು ಸುಳ್ಳು. ಆ ದಿನ ಎಣಿಸಿದವನು ನಾನಲ್ಲ. ಎಣಿಸಿದವಳನ್ನು ನಾನು ಎಲ್ಲರ ಮುಂದೆ ನಗೆಪಾಟಲು ಮಾಡಿದೆ. ಅದನ್ನು ಹೇಳುವ ಮೊದಲು ಆಗ ಕೆಲಸ ಹೇಗಿತ್ತೆಂದು ಸ್ವಲ್ಪ ಹೇಳುತ್ತೇನೆ. ಇದೂ ಮುಂದೆ ಹಾಕುವ ಒಂದು ರೀತಿಯೇ ಇರಬಹುದು. ಆದರೆ ಆ ದಿನಗಳನ್ನು ನೆನೆಯದೆ ನನಗೆ ಆಕೆಯನ್ನು ನೆನೆಯಲು ಬರುವುದಿಲ್ಲ.

ನಮ್ಮ ಗ್ಯಾಂಗಿನಲ್ಲಿ ಹತ್ತು ಹನ್ನೆರಡು ಜನ. ಡಾಂಬರಿನ ಒಲೆ ಹೊತ್ತಿಸುವವರು, ಖಡಿ ಅಂದರೆ ಜಲ್ಲಿಕಲ್ಲು ಹೊರುವವರು, ಅದನ್ನು ಬಡಿದು ಗಟ್ಟಿ ಮಾಡುವವರು. ಒಬ್ಬಾಕೆ ಮಾತ್ರ ಕೆಂಪು ನಿಶಾನಿ ಹಿಡಿದು ರಸ್ತೆಯ ಮೇಲೆ ನಿಲ್ಲುವವಳು. ಒಂದು ಕಡೆ ಕೆಲಸ ನಡೆದಾಗ ಇನ್ನೊಂದು ಕಡೆಯಿಂದ ಬರುವ ಗಾಡಿಗಳನ್ನು ಆಕೆ ತಡೆಯಬೇಕು. ಕೋಲಿಗೆ ಕಟ್ಟಿದ ಆ ಕೆಂಪು ಅರಿವೆಯಿಂದಾಗಿ ಎಲ್ಲರೂ ಆಕೆಯನ್ನು ನಿಶಾನಿಯವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ದಿನಗೂಲಿಯವರ ಹಾಜರಿಯಲ್ಲಿ ಸಹ ಎಷ್ಟೋ ತಿಂಗಳು ಹಾಗೇ ಬರೆದಿದ್ದೇನೆ. ಕುರಿ ಕಾಯುವ ಮನೆತನದ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ. ಮಗಳೊಬ್ಬಳನ್ನು ಕಟ್ಟಿಕೊಂಡು ಹುಣಸಿಗಿಡದ ಕ್ರಾಸಿನ ಪಶ್ಚಿಮಕ್ಕಿರುವ ತೋಟದ ಮನೆಗಳಲ್ಲಿ ಇದ್ದಳು. ತೋಟದ ಮನೆಗಳೆಂದರೆ ಹೊಲದಲ್ಲೇ ಮನೆ ಕಟ್ಟಿಕೊಂಡವರ ಇಪ್ಪತ್ತು ಮೂವತ್ತು ಮನೆ. ಶಾಲೆ, ಹಿಟ್ಟಿನ ಗಿರಣಿ, ಬಸ್ಸು ನಿಲ್ಲುವ ಜಾಗ ಎಲ್ಲ ರಸ್ತೆಯ ಆಚೆ ಪೂರ್ವಕ್ಕೆ.

ಮಧ್ಯಾಹ್ನ ಹುಣಸಿ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಯಾರ ಬುತ್ತಿ ಯಾರದು ಎಂಬ ಲೆಕ್ಕ ಇರಲಿಲ್ಲ. ಆಕೆಯ ಸಜ್ಜೆ ರೊಟ್ಟಿ, ಪುಂಡಿಪಲ್ಯ ನನ್ನ ಪಾಲಿಗೆ ಬರುತ್ತಿತ್ತು. ನನ್ನ ಹೆಂಡತಿ ಮಾಡಿದ ಶೇಂಗಾ ಹಿಂಡಿ ಆಕೆಯ ಮಗಳಿಗಾಗಿ ಎಲೆಯಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಕೈಗೆ ಡಾಂಬರಿನ ವಾಸನೆ. ಎಷ್ಟು ಸೀಮೆಎಣ್ಣೆ ಹಚ್ಚಿ ತೊಳೆದರೂ ಹೋಗದು. ರೊಟ್ಟಿಗೂ ಅದೇ ವಾಸನೆ. ಈಗ ಎಲ್ಲಾದರೂ ರಸ್ತೆ ಕೆಲಸ ನಡೆದಿದ್ದರೆ ನಾನು ಬಸ್ಸಿನ ಕಿಟಕಿ ತೆಗೆದು ಮೂಗು ಹೊರಗೆ ಹಾಕುತ್ತೇನೆ. ಪಕ್ಕದವರು ಕಿಟಕಿ ಮುಚ್ಚಿರಿ ಎಂದು ಬಯ್ಯುತ್ತಾರೆ. ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ ಎಂದು ಅವರಿಗೆ ಹೇಗೆ ಹೇಳಲಿ?

ವೇಗ ಅಳೆಯುವ ಕೆಲಸ ನಮ್ಮ ಪಾಲಿಗೆ ಬಂದದ್ದು ಆಗಲೇ. ಈಗ ಕಂಬದ ಮೇಲಿನ ಕ್ಯಾಮೆರಾ ಅಳೆಯುತ್ತದೆ. ಆಗ ರಸ್ತೆಗೆ ಅಡ್ಡಲಾಗಿ ಸುಣ್ಣದಿಂದ ಒಂದು ಗೆರೆ, ಟೇಪು ಹಿಡಿದು ಐವತ್ತು ಮೀಟರ್ ಆಚೆ ಇನ್ನೊಂದು ಗೆರೆ. ಮೊದಲ ಗೆರೆಯ ಹತ್ತಿರ ಒಬ್ಬ ಕರವಸ್ತ್ರ ಹಿಡಿದು ನಿಲ್ಲಬೇಕು. ಗಾಡಿಯ ಮುಂದಿನ ಗಾಲಿ ಗೆರೆ ಮುಟ್ಟಿದ ಕೂಡಲೇ ವಸ್ತ್ರ ಕೆಳಗೆ ಬೀಸಬೇಕು. ಎರಡನೆಯ ಗೆರೆಯ ಹತ್ತಿರ ಇದ್ದವನು ಅದನ್ನು ನೋಡಿ ಸ್ಟಾಪ್‌ವಾಚು ಒತ್ತಬೇಕು, ಗಾಡಿ ತನ್ನ ಮುಂದೆ ಬಂದಾಗ ಮತ್ತೆ ಒತ್ತಬೇಕು. ನೂರು ಗಾಡಿಗಳಲ್ಲಿ ಎಂಬತ್ತೈದು ಗಾಡಿ ಯಾವ ವೇಗದ ಒಳಗೆ ಓಡುತ್ತವೆಯೋ ಅದನ್ನು ನೋಡಿ ಮಿತಿ ಗೊತ್ತುಮಾಡುವುದು ಪದ್ಧತಿ. ಅಂದರೆ ಮಿತಿಯನ್ನು ಗಾಡಿ ಓಡಿಸುವವರೇ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಇದು ತಪ್ಪು ಪದ್ಧತಿ ಎಂದು ನಾನು ಹೇಳಲಾರೆ. ರಸ್ತೆ ಚೆನ್ನಾಗಿದ್ದ ಕಡೆ ಯಾರೂ ಪಾಲಿಸದ ಮಿತಿ ಹಾಕಿದರೆ ಬೋರ್ಡಿನ ಮಾತಿಗೇ ಬೆಲೆ ಹೋಗುತ್ತದೆ.

ಮೊದಲ ದಿನ ನಾನು ಖಾಕಿ ಅಂಗಿ ಹಾಕಿಕೊಂಡು ಹೋಗಿ ದೊಡ್ಡ ತಪ್ಪು ಮಾಡಿದೆ. ದೂರದಿಂದಲೇ ಖಾಕಿ ಕಂಡು ಎಲ್ಲರೂ ಬ್ರೇಕು ಹಾಕಿದರು. ಅಂದಿನ ನನ್ನ ಲೆಕ್ಕದ ಪ್ರಕಾರ ಗೋಕಾಕ ರಸ್ತೆಯಲ್ಲಿ ಲಾರಿಗಳು ಎತ್ತಿನ ಗಾಡಿಗಿಂತ ತುಸುವೇ ಜೋರಾಗಿ ಓಡುತ್ತಿದ್ದವು. ಒಬ್ಬ ಲಾರಿಯವನಂತೂ ನಾನು ಕರವಸ್ತ್ರ ಬೀಸಿದ ಕೂಡಲೇ ಎರಡು ಗೆರೆಗಳ ನಡುವೆ ನಿಲ್ಲಿಸಿ, ಕಾಗದಪತ್ರ ಹಿಡಿದು ಇಳಿದು ಬಂದ.

"ಎಲ್ಲಾ ಬರೋಬರಿ ಐತ್ರಿ ಸಾಹೇಬ್ರ. ಸುಮ್ನ ಅರಿಬಿ ಯಾಕ ಬೀಸಾಕತ್ತೀರಿ?"

ನಿಶಾನಿಯವ್ವ ಪಕ್ಕದಿಂದ ಹೇಳಿದಳು: "ಅವ್ರಿಗೆ ಶಕಿ ಆಗೇತಿ, ಗಾಳಿ ಹಾಕ್ಕೊಳ್ಳಾಕತ್ತಾರ. ನೀ ನಡಿಯಪ್ಪ."

ಅಂದು ಸಂಜೆ ಆಕೆಯೇ ಒಂದು ಉಪಾಯ ಹೇಳಿದಳು. ವಸ್ತ್ರ ಬೀಸುವುದು ಬಿಟ್ಟು, ಎರಡೂ ಗೆರೆ ಕಾಣುವಂತೆ ಕಂಬಳಿ ಹೊದ್ದು ಗಿಡದ ಬುಡದಲ್ಲಿ ಕೂತು ಒಳಗಿನಿಂದ ವಾಚು ಒತ್ತಿದರೆ ಯಾರೂ ಬ್ರೇಕು ಹಾಕುವುದಿಲ್ಲ ಎಂದಳು. "ಕಂಬಳಿ ಹೊತ್ತಾವ್ರನ್ನ ಯಾರೂ ನೋಡಂಗಿಲ್ರಿ ಅಣ್ಣಾರ. ನಮ್ಮಪ್ಪನ್ನ ಯಾವ ಡ್ರೈವರನೂ ಒಂದಿನ ನೋಡಿಲ್ಲ."

ಮರುದಿನ ಆಕೆಯ ಅಪ್ಪನ ಕಂಬಳಿ ಹೊದ್ದು ಕೂತೆ. ಗಾಡಿಗಳು ತಮ್ಮ ನಿಜವಾದ ವೇಗದಲ್ಲಿ ಓಡಿದವು. ಲೆಕ್ಕ ನೋಡಿದ ಇಂಜಿನಿಯರ್ ಸಾಹೇಬರು ಕಂಬಳಿಯ ಉಪಾಯ ಕೇಳಿ ಬಹಳ ಮೆಚ್ಚಿದರು. ಬೇರೆ ಕಡೆಯೂ ಹಾಗೇ ಮಾಡಿಸಿದರು. ಉಪಾಯ ಯಾರದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ ಎಂದು ಈಗ ಅನಿಸುತ್ತದೆ.

ಇನ್ನೊಂದು ನೆನಪು. ಕ್ರಾಸಿನಲ್ಲಿ ನಾವು ನೆಟ್ಟ ಐವತ್ತರ ದುಂಡು ಬೋರ್ಡು ಪದೇ ಪದೇ ಕಾಣೆಯಾಗುತ್ತಿತ್ತು. ಹುಡುಕುತ್ತ ಹೋದಾಗ ತೋಟದ ಒಂದು ಮನೆಯಲ್ಲಿ ನೀರಿನ ಹರವಿಯ ಮೇಲೆ ಮುಚ್ಚಳವಾಗಿ ಕೂತಿತ್ತು. ಐವತ್ತು ಎಂಬ ಅಂಕಿ ಮೇಲೆ. ನಾನು ಸಿಟ್ಟಾದೆ. ಆ ಮನೆಯ ಮುದುಕಿ ಏಳಲೂ ಇಲ್ಲ. "ನಿಮ್ಮ ರೋಡಿನ್ಯಾಗ ಅದನ್ನ ಯಾರರ ನೋಡತಾರೇನು? ಇಲ್ಲೆರ ನಾವು ದಿನಾ ನೋಡತೇವಿ," ಎಂದಳು. ನಿಶಾನಿಯವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಬೋರ್ಡನ್ನು ಅಲ್ಲೇ ಬಿಟ್ಟು ಬಂದೆವು. ಅಂಥ ನಗು ನನ್ನ ಪಾಲಿಗೆ ಆಮೇಲೆ ಬರಲಿಲ್ಲ.

ಕೆಲಸಕ್ಕೆ ಬರುವ ಮೊದಲು ದಿನಾ ಬೆಳಿಗ್ಗೆ ಆಕೆ ಇನ್ನೊಂದು ಕೆಲಸ ಮಾಡುತ್ತಿದ್ದಳು. ತೋಟದ ಹೆಣ್ಣುಮಕ್ಕಳು ಪಾಟಿಚೀಲ ಹೊತ್ತು ಬಂದಾಗ ನಿಶಾನಿ ಎತ್ತಿ ರಸ್ತೆಯ ನಡುವೆ ನಿಂತು, ಅವರನ್ನು ಶಾಲೆಯ ಕಡೆ ದಾಟಿಸುತ್ತಿದ್ದಳು. ಸಂಜೆ ಮತ್ತೆ ಈಚೆ. ಅದು ಆಕೆಯ ಕೆಲಸವಲ್ಲ. ಯಾರೂ ಹೇಳಿರಲಿಲ್ಲ. ಯಾರೂ ಬೇಡ ಎನ್ನಲೂ ಇಲ್ಲ.

ರಸ್ತೆ ಅಗಲ ಮಾಡಿ ಮಿತಿಯನ್ನು ಐವತ್ತರಿಂದ ಎಂಬತ್ತಕ್ಕೆ ಏರಿಸುವ ಮಾತು ಬಂದಾಗ ಹೊಸ ಫಾರ್ಮು ಬಂತು. ಅದರಲ್ಲಿ ಗಾಡಿಗಳ ವೇಗದ ಜೊತೆಗೆ ದಾಟುವ ಜನರ ಬಗ್ಗೆ ಒಂದು ಕಾಲಂ ಇತ್ತು. ಬೆಳಗಿನಿಂದ ಸಂಜೆಯವರೆಗೆ ಒಂದು ಪೂರ್ತಿ ದಿನ ಕ್ರಾಸಿನಲ್ಲಿ ಕೂತು, ಜನರಿಗೆ ದಾಟಲು ತೊಂದರೆ ಇದೆಯೇ ಇಲ್ಲವೇ ನೋಡಿ ಬರೆಯಬೇಕು. ಆ ಕೆಲಸ ನನಗೆ ಬಂತು. ನಾನು ಕೂರಬೇಕಾದ ದಿನವೇ ಗೋಕಾಕದ ಅಂಗಡಿಯಿಂದ ಸುದ್ದಿ ಬಂತು: ನಾನು ಬರೆಸಿಟ್ಟಿದ್ದ ಮೋಟಾರ್‌ಸೈಕಲ್ ಬಂದು ನಿಂತಿದೆ, ಒಯ್ಯಬಹುದು.

ನಮ್ಮ ಮನೆತನದಲ್ಲಿ ಅದು ಮೊದಲ ಗಾಡಿ. ಅಲ್ಲಿಯವರೆಗೆ ನಾನು ಸೈಕಲ್ಲಿನಲ್ಲಿ ಮೈಲುಗಟ್ಟಲೆ ತುಳಿದವನು. ನನ್ನನ್ನು ಹಿಂದೆ ಹಾಕಿ ಹೋದವರ ಧೂಳು ನುಂಗಿದವನು. ಒಂದು ದಿನ ಕಾಯಲು ನನ್ನಿಂದ ಆಗಲಿಲ್ಲ. ನಿಶಾನಿಯವ್ವನಿಗೆ, ಒಂದು ತಾಸಿನಲ್ಲಿ ಬರುತ್ತೇನೆ, ದಾಟುವವರನ್ನು ನೀನೇ ಸ್ವಲ್ಪ ನೋಡಿಕೋ ಎಂದೆ. ಕಾಗದ, ಪೆನ್ಸಿಲ್ ಕೊಡಲು ಹೋದೆ.

"ಕಾಗದ ಬ್ಯಾಡ್ರಿ. ನನ್ನ ಲೆಕ್ಕ ನನಗ ಬರತೈತಿ," ಎಂದಳು.

ಗೆರೆ ಎಳೆಯುವ ಬಿಳಿ ಬಣ್ಣದ ಖಾಲಿ ಡಬ್ಬಿಯೊಂದನ್ನು ತೆಗೆದುಕೊಂಡು, ಎಣಿಸುವ ದಿನವೆಂದು ನಿಶಾನಿ ಬದಿಗಿಟ್ಟು ಗಿಡದ ಕೆಳಗೆ ಕೂತಳು. ಆಕೆಯ ಅಪ್ಪ ಕುರಿಹಿಂಡು ರಸ್ತೆ ದಾಟಿಸುವಾಗ ಒಂದೊಂದು ಕುರಿಗೆ ಒಂದೊಂದು ಹರಳು, ಅಂದರೆ ಸಣ್ಣ ಕಲ್ಲು, ಚೀಲಕ್ಕೆ ಹಾಕಿ ಎಣಿಸುತ್ತಿದ್ದನಂತೆ. ಮಗಳಿಗೂ ಅದೇ ರೂಢಿ.

ಒಂದು ತಾಸಿನಲ್ಲಿ ನಾನು ಬರಲಿಲ್ಲ. ಗಾಡಿಗೆ ಪೂಜೆ ಮಾಡಿಸಿದೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸಿದೆ, ಹ್ಯಾಂಡಲಿಗೆ ಹಾರ ಹಾಕಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದೇ ರಸ್ತೆಯಲ್ಲಿ ಹೊರಟೆ. ಕ್ರಾಸಿನಲ್ಲಿ ನಿಂತುಬಿಡುವುದೆಂದೇ ಹೊರಟಿದ್ದೆ. ಆದರೆ ನೇರವಾದ ರಸ್ತೆ, ಹೊಸ ಗಾಡಿ, ಮುಖಕ್ಕೆ ಗಾಳಿ. ಕೈ ತಾನಾಗಿ ತಿರುಗಿತು. ಅಂದು ಶನಿವಾರ, ಬೆಳಗಿನ ಶಾಲೆ ಬಿಟ್ಟಿತ್ತು. ಹುಣಸಿ ಗಿಡದ ಎದುರಿಗೆ ಕೆಲವು ಹೆಂಗಸರು, ಪಾಟಿಚೀಲದ ಹುಡುಗಿಯರು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಒಬ್ಬ ಹುಡುಗಿ ಒಂದು ಹೆಜ್ಜೆ ಡಾಂಬರಿನ ಮೇಲೆ ಇಟ್ಟಿದ್ದಳು. ನಾನು ಹಾರ್ನ್ ಒತ್ತಿದೆ. ಆಕೆ ಹೆಜ್ಜೆ ಹಿಂದೆ ತೆಗೆದಳು. ನಾನು ವೇಗ ಇಳಿಸಲಿಲ್ಲ. ಗಿಡದ ಕೆಳಗಿದ್ದ ನಿಶಾನಿಯವ್ವನಿಗೆ ಗಾಡಿ ಕಾಣಲಿ ಎಂದು ಒಂದು ಕೈ ಎತ್ತಿ ಬೀಸಿ, ಹಾಗೇ ಮುಂದೆ ಹೋದೆ. ಮೂಡಲಗಿಯಲ್ಲಿದ್ದ ಹೆಂಡತಿಯ ತವರಿನವರಿಗೆ ಗಾಡಿ ತೋರಿಸಿ, ಊಟ ಮಾಡಿ ಮರಳುವಷ್ಟರಲ್ಲಿ ಹೊತ್ತು ಮುಳುಗಲು ಬಂದಿತ್ತು.

ಆಕೆ ಅಲ್ಲೇ ಇದ್ದಳು. ಡಬ್ಬಿ ಎತ್ತಿ ಕೈಗೆ ಕೊಟ್ಟಳು. ಅದರ ಭಾರಕ್ಕೆ ನನ್ನ ಕೈ ಕೆಳಗೆ ಹೋಯಿತು.

"ದಾಟಿದಾವ್ರನ್ನ ಎಣಿಸಿಲ್ರಿ ಅಣ್ಣಾರ," ಎಂದಳು. "ಹೆಜ್ಜಿ ಇಟ್ಟು ಹಿಂದಕ್ಕ ತಗದಾವ್ರನ್ನ ಎಣಿಸೇನಿ. ಒಂದ್ ಸಲಕ್ಕ ಒಂದು ಹರಳು."

ಇಷ್ಟು ವರ್ಷ ಎಷ್ಟೋ ಸಮೀಕ್ಷೆ ನೋಡಿದ್ದೇನೆ. ರಸ್ತೆ ದಾಟುವುದನ್ನು ಇದಕ್ಕಿಂತ ಸರಿಯಾಗಿ ಅಳೆದದ್ದನ್ನು ಕಂಡಿಲ್ಲ. ಆದರೆ ಆ ಸಂಜೆ ನನಗೆ ಕಂಡದ್ದು ಬೇರೆ. ಇದನ್ನು ಬರೆಯಬೇಕಾದರೆ ಯಾವ ಹೊತ್ತಿಗೆ ಎಷ್ಟು ಜನ ಎಂದು ಬರೆಯಬೇಕು, ಬರೆದರೆ ಸಾಹೇಬರು ಕೇಳುತ್ತಾರೆ, ಕೇಳಿದರೆ ನಾನು ಅಲ್ಲಿ ಇರಲಿಲ್ಲ ಎಂಬುದು ಹೊರಬೀಳುತ್ತದೆ. ಡಬ್ಬಿಯನ್ನು ಅಲ್ಲೇ ಇಟ್ಟು ಮನೆಗೆ ಹೋಗಿ ಆ ಕಾಲಂನಲ್ಲಿ 'ಇಲ್ಲ' ಎಂದು ಬರೆದೆ. 'ಎಣಿಸಿದವರು' ಎಂಬಲ್ಲಿ ಸಹಿ ಮಾಡಿದೆ. ಅಕ್ಷರಗಳು ದುಂಡಗೆ ಬಂದಿವೆ. ಆ ಹುಡುಗಿ ಮನೆಗೆ ಬಂದು ತೋರಿಸಿದಾಗ ನೋಡಿದೆ.

ಮುಂದಿನ ವಾರ ಇಂಜಿನಿಯರ್ ಸಾಹೇಬರು ಕ್ರಾಸಿಗೆ ಬಂದರು. ದಕ್ಷಿಣದ ಕಡೆಯವರು, ಒಳ್ಳೆಯ ಮನುಷ್ಯ. ಕೂಲಿಯವರನ್ನೂ ಕೂಡಿಸಿಕೊಂಡು ಮಾತಾಡುವವರು. ನಾವು ತಗ್ಗು ಮುಚ್ಚುವ ಕೆಲಸದಲ್ಲಿದ್ದೆವು. ಇಲ್ಲಿ ಎಂಬತ್ತು ಮಾಡಬಹುದು, ಜನರಿಗೆ ತೊಂದರೆ ಇಲ್ಲ ಎಂದು ಬಂದಿದೆ ಎಂದರು. ಆಗ ನಿಶಾನಿಯವ್ವ ಗಿಡದ ಬುಡದಿಂದ ಡಬ್ಬಿ ಎತ್ತಿಕೊಂಡು ಬಂದಳು. ಅದನ್ನು ಅಷ್ಟು ದಿನ ಜೋಪಾನ ಮಾಡಿಟ್ಟಿದ್ದಳೆಂದು ನನಗೆ ಗೊತ್ತಿರಲಿಲ್ಲ.

"ಗಾಡಿ ಎಷ್ಟು ಜೋರು ಓಡತಾವಂತ ಅಳದೀರಿ ಸಾಹೇಬ್ರ. ಮಂದಿ ಎಷ್ಟೊತ್ತು ನಿಂದರತಾರಂತ ಯಾರರ ಅಳದಾರೇನ್ರಿ?"

ಸಾಹೇಬರು ಡಬ್ಬಿಯೊಳಗೆ ಬಗ್ಗಿ ನೋಡಿದರು. ಆಕೆ ವಿವರಿಸಿದಳು. ಅವರು ನನ್ನ ಕಡೆ ತಿರುಗಿ, "ಆ ದಿನ ಇಲ್ಲಿ ಕೂತಿದ್ದವರು ನೀವೇ ಅಲ್ವಾ ಬಸಲಿಂಗಪ್ಪ? ಇದೇನಿದು?" ಎಂದರು.

ಆಕೆ ನನ್ನನ್ನು ನೋಡುತ್ತಿದ್ದಳು. ಹೌದು ಎಂದರೆ ಸಾಕಾಗಿತ್ತು. ಬಹಳವಾದರೆ ಒಂದು ಮೆಮೊ ಕೊಡುತ್ತಿದ್ದರು.

"ನಾನ ಕುಂತಿದ್ದೆ ಸಾಹೇಬ್ರ. ಇದು ಹರಳಾಟರಿ. ಬ್ಯಾಸರಾತಂದ್ರ ಈಕಿ ಹಿಂಗ ಆಡ್ಕೋತ ಕುಂಡರತಾಳ," ಎಂದೆ.

ಗ್ಯಾಂಗಿನವರೆಲ್ಲ ನಕ್ಕರು. ಸಾಹೇಬರೂ ಸಣ್ಣಗೆ ನಕ್ಕರು. ಆ ನಗುವಿನ ಉಮೇದಿನಲ್ಲಿ ನಾನು ಇನ್ನೂ ಒಂದು ಕೆಲಸ ಮಾಡಿದೆ. ಡಬ್ಬಿ ಕಸಿದುಕೊಂಡು ಹರಳುಗಳನ್ನೆಲ್ಲ ರಸ್ತೆಯ ತಗ್ಗಿಗೆ ಸುರುವಿದೆ. ಖಡಿ ಕಡಿಮೆ ಬಿದ್ದಿತ್ತು, ಉಪಯೋಗಕ್ಕೆ ಬಂತು ಎಂದು ಹೇಳಿ, ಮೇಲೆ ಡಾಂಬರು ಹಾಕಿಸಿದೆ.

ನೀವು ಆ ದಿನ ಗೋಕಾಕದಲ್ಲಿದ್ದಿರಿ ಎಂದು ಆಕೆ ಒಂದು ಮಾತು ಅಂದಿದ್ದರೆ ನಾನು ಅಲ್ಲೇ ಮುಗಿಯುತ್ತಿದ್ದೆ. ಅನ್ನಲಿಲ್ಲ. ಖಾಲಿ ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡು, ಒಳಗಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ನಿಶಾನಿ ಎತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತಳು.

ಮರುವಾರ ಹುಕ್ಕೇರಿ ಕಡೆಯ ಗ್ಯಾಂಗಿಗೆ ಹಾಕಿಕೊಡಿರೆಂದು ಸಾಹೇಬರನ್ನು ಕೇಳಿಕೊಂಡಳು. ಅಲ್ಲಿ ಆಕೆಯ ತವರಿನವರಿದ್ದರು. ಮಗಳನ್ನು ಶಾಲೆಯ ಸಲುವಾಗಿ ತೋಟದ ಮನೆಯಲ್ಲಿದ್ದ ಅಜ್ಜಿ, ತನ್ನ ಅತ್ತೆಯ ಹತ್ತಿರ ಬಿಟ್ಟು ಹೋದಳು. ನಾನೇ ಆ ಬದಲಿಯ ಕಾಗದ ಬರೆದೆ. ಮಧ್ಯಾಹ್ನದ ಬುತ್ತಿಗೆ ಆಮೇಲೆ ರುಚಿ ಹೋಯಿತು. ನನ್ನ ಪಾಲಿಗೆ ಯಾರೂ ಪುಂಡಿಪಲ್ಯ ಸರಿಸುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಐವತ್ತರ ಬೋರ್ಡು ಕಿತ್ತು ಎಂಬತ್ತರದ್ದನ್ನು ನೆಟ್ಟವನೂ ನಾನೇ. ವರ್ಷಗಟ್ಟಲೆ ಆ ಕ್ರಾಸಿನಲ್ಲಿ ಒಂದೂ ಅಪಘಾತ ಆಗಲಿಲ್ಲ. ನನ್ನ 'ಇಲ್ಲ' ನಿಜವಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಹಳ ದಿನಗಳ ಮೇಲೆ ಒಂದು ಬೆಳಿಗ್ಗೆ ಆ ಗಿಡದ ಕೆಳಗೆ ಗಾಡಿ ನಿಲ್ಲಿಸಿದಾಗ ಗಮನಕ್ಕೆ ಬಂತು. ಶಾಲೆಯ ಹೊತ್ತು. ರಸ್ತೆಯ ಅಂಚಿನಲ್ಲಿ ಯಾರೂ ನಿಂತಿರಲಿಲ್ಲ. ಗಿರಣಿಗೆ ಹೋಗುವ ಹೆಂಗಸರೂ ಇಲ್ಲ, ಪಾಟಿಚೀಲಗಳೂ ಇಲ್ಲ. ತೋಟದವರು ಬೀಸುವ ಕಲ್ಲಿಗೆ ಮರಳಿದ್ದರು, ಹುಡುಗಿಯರನ್ನು ಶಾಲೆ ಬಿಡಿಸಿದ್ದರು. ದಾಟುವವರೇ ಇಲ್ಲದ ಮೇಲೆ ಅಪಘಾತ ಎಲ್ಲಿಂದ ಆಗಬೇಕು? ಹೊಸದಾಗಿ ಕೆಲಸಕ್ಕೆ ಬಂದವರೇ, ಅಪಘಾತ ಶೂನ್ಯ ಎಂದು ಬರೆದ ಜಾಗ ಕಂಡರೆ ಒಂದು ದಿನ ಅಲ್ಲಿ ಹೋಗಿ ಕೂತುಕೊಳ್ಳಿರಿ. ಯಾರು ಬರುತ್ತಿಲ್ಲ ಎಂಬುದನ್ನು ನೋಡಿರಿ.

ಕಳೆದ ತಿಂಗಳು ಮೂಡಲಗಿಯಲ್ಲಿ ಈ ನೂರರ ಮಿತಿಯ ಬಗ್ಗೆ ಸಭೆ ನಡೆಯಿತು. ನಾನೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ಒಬ್ಬ ಆಂಬ್ಯುಲೆನ್ಸ್ ಡ್ರೈವರು ಎದ್ದು, ಹೆರಿಗೆ ನೋವಿನವರನ್ನು ಬೆಳಗಾವಿಗೆ ಮುಟ್ಟಿಸುವಾಗ ಒಂದೊಂದು ನಿಮಿಷ ಏನೆಂದು ನಿಮಗೆ ಗೊತ್ತಿಲ್ಲ ಎಂದ. ಅವನ ಗಾಡಿಗೆ ಮಿತಿ ಇಲ್ಲವಲ್ಲ ಎಂದು ಯಾರೋ ಅಂದರು. ಮುಂದಿನ ಗಾಡಿ ನಿಧಾನ ಹೋದರೆ ನಾನೂ ನಿಧಾನವೇ ಎಂದ. ಅದು ಖರೆ. ತರಕಾರಿ ಒಯ್ಯುವವರು, ಬಸ್ಸಿನವರು ಏರಿಸಿರಿ ಎಂದರು. ಕಬ್ಬಿನ ಟ್ರ್ಯಾಕ್ಟರಿನವರು ನಮ್ಮ ಗತಿ ಏನು ಎಂದರು. ಎಲ್ಲರ ಮಾತಿನಲ್ಲೂ ನ್ಯಾಯ ಇತ್ತು. ತೋಟದ ಮನೆಗಳಿಂದ ಯಾರೂ ಬಂದಿರಲಿಲ್ಲ. ಸಭೆಗೆ ಬರುವ ಬಸ್ಸು ನಿಲ್ಲುವುದು ರಸ್ತೆಯ ಆಚೆ. ಆ ಜೂನಿಯರ್ ಇಂಜಿನಿಯರ್ ಹುಡುಗಿ ಎದ್ದು ನಿಂತು ನನ್ನ ಸಾಲು ಓದಿದಳು. ನಾನು ಏಳಲಿಲ್ಲ.

ಮರುದಿನ ಗೋಕಾಕದಿಂದ ಹುಕ್ಕೇರಿಗೆ, ಅಲ್ಲಿಂದ ಯಮಕನಮರಡಿಗೆ ಎರಡು ಬಸ್ಸು ಹತ್ತಿ ಹೋದೆ. ನಿಶಾನಿಯವ್ವ ಮಗಳ ಹತ್ತಿರ ಇದ್ದಾಳೆಂದು ಹಳೆಯ ಗ್ಯಾಂಗಿನವನೊಬ್ಬ ಹೇಳಿದ್ದ. ಮಗಳು ಶಾಂತಾ ಹೆದ್ದಾರಿಯ ಬದಿಯಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಾಳೆ. ಕ್ಷಮಿಸು ಎಂಬ ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಹೋಗಿದ್ದೆ.

ಆಕೆ ಖಾನಾವಳಿಯ ಹೊರಗೆ ಮಂಚದ ಮೇಲೆ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಎರಡು ಸಲ ನೋಡಿದಳು.

"ಅಣ್ಣಾರಲ್ಲೇನ್ರಿ? ಎಷ್ಟ್ ಸೊರಗೀರಿ. ಬರ್ರಿ, ಬಾಜೂಕ ಕುಂಡರ್ರಿ," ಎಂದವಳೇ ಒಳಗೆ ಕೂಗಿದಳು: "ಶಾಂತಾ, ಚಾ ತಾರವ್ವ. ಹಿಂಡಿ ಕಟ್ಟಿ ಕೊಡತಿದ್ರಲ್ಲ, ಆ ಕಾಕಾ ಬಂದಾರ."

ಶಾಂತಾ ಚಹಾ ತಂದು ಕಾಲು ಮುಟ್ಟಿ ನಮಸ್ಕರಿಸಿದಳು. ನಾನು ಕಾಲು ಹಿಂದೆ ಎಳೆದುಕೊಂಡೆ. ಸಾಲಿ ಎಷ್ಟರವರೆಗೆ ಆಯಿತು ಎಂದು, ಬೇರೆ ಮಾತು ತೋಚದೆ ಕೇಳಿದೆ.

"ಏಳನೇತ್ತೀಗೆ ಬಿಟ್ಟೆರಿ ಕಾಕಾ. ಯವ್ವ ಈ ಕಡೆ ಕೆಲಸಕ್ಕ ಬಂದ ಮ್ಯಾಲ ದಾಟಸಾವ್ರು ಯಾರಿದ್ರು? ಅಜ್ಜಿ ಅಂಜಿ ಬಿಡಿಸಿದ್ಲು," ಎಂದು ಒಲೆಯ ಕಡೆ ಹೋದಳು. ಅದರಲ್ಲಿ ದೂರು ಇರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ನಿಶಾನಿಯವ್ವ ಹುಣಸಿ ಗಿಡ ಐತೇನ್ರಿ ಎಂದು ಕೇಳಿದಳು. ರಸ್ತೆ ನಾಲ್ಕು ಸಾಲು ಮಾಡುವಾಗ ಕಡಿದರು ಎಂದೆ. ಬಹಳ ಹೊತ್ತು ಸೊಪ್ಪು ಬಿಡಿಸಿದಳು. ಹರವಿಯ ಮೇಲೆ ಬೋರ್ಡು ಮುಚ್ಚಿದ್ದ ಮುದುಕಿಯನ್ನು ನೆನೆದು ಇಬ್ಬರೂ ನಕ್ಕೆವು. ಕಂಬಳಿಯನ್ನು ನೆನೆದೆವು, ಕಾಗದ ಹಿಡಿದು ಇಳಿದು ಬಂದ ಲಾರಿಯವನನ್ನು ನೆನೆದೆವು. ಡಾಂಬರಿನ ವಾಸನೆ ಬಂದರೆ ಈಗಲೂ ಹಸಿವು ಆಗುತ್ತದೆ ಎಂದು ಆಕೆ ಹೇಳಿದಳು. ಲೋಕದಲ್ಲಿ ಆ ಮಾತು ಹೇಳುವವರು ನಾವಿಬ್ಬರೇ ಇರಬೇಕು.

ಆಮೇಲೆ ಆಕೆ ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದಳು: "ಆವತ್ತು ಡಬ್ಬ್ಯಾಗ ಕಡೀ ಹರಳು ಯಾರ ಸಲುವಾಗಿ ಹಾಕಿದ್ನಿ ಗೊತ್ತೈತೇನ್ರಿ? ಈ ಶಾಂತಾನ ಸಲುವಾಗಿ. ಹೊಸಾ ಗಾಡಿ ಬಂತು, ಕೂಸು ಹೆಜ್ಜಿ ಹಿಂದ ತಗೀತು. ಗಾಡಿ ಮ್ಯಾಲಿನಾಂವ ನನಗ ಕೈ ಎತ್ತಿ ಬೀಸಿಕೋತ ಹ್ವಾದ. ಅದರ ಮ್ಯಾಲ ನನಗ ಎಣಿಸಾಕ ಮನಸ್ಸಾಗಲಿಲ್ಲ."

ಹೇಳಿ, ಬಿಡಿಸಿದ ಸೊಪ್ಪನ್ನು ಒಂದು ಕಡೆ ಸರಿಸಿದಳು. ನನ್ನ ಮಾತಿಗೆ ಜಾಗ ಬಿಟ್ಟಳು ಎಂದು ಈಗ ಅನಿಸುತ್ತದೆ. ಹೆದ್ದಾರಿಯಲ್ಲಿ ಗಾಡಿಗಳು ಹೋಗುತ್ತಲೇ ಇದ್ದವು. ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಹೋದ ಮಾತು ತುಟಿಯವರೆಗೆ ಬಂತು. ನಾನು ಗಡಿಯಾರ ನೋಡಿಕೊಂಡೆ.

"ಹುಕ್ಕೇರಿ ಬಸ್ಸಿಗೆ ಹೊತ್ತಾತು," ಎಂದೆ.

"ಹೌದ್ರಿ, ಹೊತ್ತಾತು. ಹುಷಾರಿ, ನೋಡಿ ದಾಟರಿ," ಎಂದಳು.

ಮುಖ ನೋಡಿ ಹೇಳಲಾಗದ್ದನ್ನು ಬರೆದು ಹೇಳುವುದು ಸಣ್ಣ ಮನುಷ್ಯನ ದಾರಿ ಎಂದು ನನಗೆ ಗೊತ್ತಿದೆ. ಆಕೆಗೆ ಓದಲು ಬರುವುದಿಲ್ಲ. ಇದು ಅಚ್ಚಾದರೆ ಶಾಂತಾ ಓದಿ ಹೇಳಲಿ. ಏಳನೆಯ ಇಯತ್ತೆಯ ಓದು ಇದಕ್ಕೆ ಸಾಕಾಗುತ್ತದೆ.

ರಸ್ತೆಗೆ ನೂರರ ಮಿತಿ ಬೇಕೋ ಎಂಬತ್ತೇ ಇರಬೇಕೋ ಎಂಬುದನ್ನು ತಿಳಿದವರು ಗೊತ್ತುಮಾಡಲಿ. ಗೊತ್ತುಮಾಡುವಾಗ ನನ್ನ ಸುಳ್ಳನ್ನು ಆಧಾರ ಮಾಡಿಕೊಳ್ಳುವುದು ಬೇಡ. ಇಂದು ಬೆಳಿಗ್ಗೆ ಆ ಜೂನಿಯರ್ ಇಂಜಿನಿಯರಿಗೆ ಒಂದು ತಕರಾರು ಅರ್ಜಿ ಬರೆದೆ. ಆ ದಿನ ನಾನು ಸ್ಥಳದಲ್ಲಿ ಇರಲಿಲ್ಲ, ಡಬ್ಬಿ ತುಂಬಿದ್ದನ್ನು ಕೈಯಾರೆ ಹಿಡಿದು ನೋಡಿಯೂ ಸುಳ್ಳು ಬರೆದೆ ಎಂದು ಒಪ್ಪಿಕೊಂಡಿದ್ದೇನೆ. ಸಾಕ್ಷಿ ಬೇಕಾದರೆ ಕ್ರಾಸಿನ ಹಳೆಯ ಡಾಂಬರಿನ ಕೆಳಗೆ ಅಗೆದು ನೋಡಬಹುದು. ಖಡಿಯಲ್ಲದ ನುಣುಪಾದ ಹರಳುಗಳು ಒಂದೇ ಕಡೆ ಸಿಗುತ್ತವೆ. ಕೊನೆಗೆ ರಿಜಿಸ್ಟರಿನ ಆ ಸಾಲನ್ನು ಹೇಗೆ ತಿದ್ದಬೇಕೆಂದು ಬರೆದು ಕೊಟ್ಟಿದ್ದೇನೆ. ಇಲ್ಲಿಯೂ ಅದನ್ನೇ ಬರೆಯುತ್ತೇನೆ.

ಸ್ಥಳ: ಹುಣಸಿಗಿಡದ ಕ್ರಾಸ್.

ದಾಟುವವರಿಗೆ ತೊಂದರೆ: ಇದೆ.

ಎಣಿಸಿದವರು: ಲಗಮವ್ವ ಬೀರಪ್ಪ.